ಲಂಡನ್–ನ್ಯೂಯಾರ್ಕ್: ದೂರ ಒಂದೇ, ಹೋಗುವ ಹೊತ್ತು ಬರುವ ಹೊತ್ತು ಯಾಕೆ ಬೇರೆ?

ಪ್ರಶ್ನೆ: ಜನವರಿಯಲ್ಲಿ ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗಿ, ಎರಡು ವಾರ ಬಿಟ್ಟು ವಾಪಸ್ ಬರಬೇಕಾಗಿದೆ. ಈ ಎರಡು ಊರುಗಳ ನಡುವಿನ ದೂರ ಒಂದು ಕಡೆ 5,540 ಕಿ.ಮೀ. ಅಂತಿದೆ, ಇನ್ನೊಂದು ಕಡೆ 5,555, ಮತ್ತೊಂದು ಕಡೆ 5,570. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತದೆ ಅಂದರೆ ಆರು ಗಂಟೆ ಹತ್ತು ನಿಮಿಷ ಸಾಕಲ್ವಾ? ಆದರೆ ಟಿಕೆಟ್‌ನಲ್ಲಿ ಹೋಗುವಾಗ 8 ಗಂಟೆ, ಬರುವಾಗ 7 ಗಂಟೆ ಇದೆ. ಭೂಮಿ ಪೂರ್ವಕ್ಕೆ ತಿರುಗುತ್ತಿರುವಾಗ ಪಶ್ಚಿಮಕ್ಕೆ ಹೋಗುವ ವಿಮಾನವೇ ಬೇಗ ತಲುಪಬೇಕಲ್ವಾ? ಇನ್ನೊಂದು ವಿಷಯ. ನ್ಯೂಯಾರ್ಕ್‌ನಲ್ಲಿ ಇಳಿದ ಎರಡು ಗಂಟೆಗೆ ಬೇರೆ ಟಿಕೆಟ್‌ನಲ್ಲಿ ಇನ್ನೊಂದು ವಿಮಾನ ಹಿಡಿಯಬೇಕು. ಸಿಗುತ್ತದೆಯೇ?

ಉತ್ತರ: ನೀವು ನೋಡಿದ ಮೂರು ದೂರಗಳೂ ಸರಿ. ಟಿಕೆಟ್‌ನಲ್ಲಿರುವ ಎರಡು ಸಮಯಗಳೂ ಸರಿ. ಎಡವಟ್ಟಾಗಿರುವುದು ದೂರವನ್ನು ವೇಗದಿಂದ ಭಾಗಿಸಿದ ಜಾಗದಲ್ಲಿ. ಆ ಲೆಕ್ಕದಲ್ಲಿ ಗಾಳಿಗೆ ಜಾಗವೇ ಇಲ್ಲ. ಆಕಾಶದಲ್ಲಿ ಗಾಳಿಯನ್ನು ಬಿಟ್ಟು ಯಾವ ಲೆಕ್ಕವೂ ಇಲ್ಲ.

ಮೊದಲು ದೂರದ ಗೊಂದಲ ಮುಗಿಸಿಬಿಡೋಣ, ಅದು ಸುಲಭ. ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ನ್ಯೂಯಾರ್ಕಿನ ಜೆ.ಎಫ್.ಕೆ. ನಿಲ್ದಾಣದವರೆಗಿನ ದೂರವನ್ನು, ಭೂಮಿ ಪೂರ್ತಿ ಗುಂಡಗಿದೆ, ಅದರ ತ್ರಿಜ್ಯ 6,371 ಕಿ.ಮೀ. ಎಂದುಕೊಂಡು ಲೆಕ್ಕ ಹಾಕಿದರೆ 5,540 ಕಿ.ಮೀ. ಬರುತ್ತದೆ. ಆದರೆ ಭೂಮಿ ಪೂರ್ತಿ ಗುಂಡಗಿಲ್ಲ. ಧ್ರುವಗಳ ಹತ್ತಿರ ಸ್ವಲ್ಪ ಅದುಮಿದಂತಿದೆ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದ ಕಡೆ 6,357 ಕಿ.ಮೀ. ಈ ಆಕಾರವನ್ನೂ ಸೇರಿಸಿ ಲೆಕ್ಕ ಹಾಕಿದರೆ ಅದೇ ಎರಡು ನಿಲ್ದಾಣಗಳ ನಡುವೆ ಸುಮಾರು 5,555 ಕಿ.ಮೀ. ಆಗುತ್ತದೆ. ಇನ್ನು 5,570 ಎಂದು ಹೇಳುವವರು ನಿಲ್ದಾಣದಿಂದ ಅಳೆಯುವುದಿಲ್ಲ, ಊರಿನ ನಡುಮಧ್ಯದಿಂದ ಅಳೆಯುತ್ತಾರೆ. ಇವುಗಳ ವ್ಯತ್ಯಾಸ ವಿಮಾನಕ್ಕೆ ಒಂದೆರಡು ನಿಮಿಷದ ಮಾತು. ತಲೆ ಕೆಡಿಸಿಕೊಳ್ಳಬೇಡಿ.

ಮೈಲಿಯಲ್ಲಿ ಕೊಟ್ಟಿದ್ದರೆ ಮಾತ್ರ ಒಂದು ಕ್ಷಣ ನಿಂತು ನೋಡಿ. ಇದೇ ದೂರ ಸಾಧಾರಣ ಮೈಲಿಯಲ್ಲಿ ಸುಮಾರು 3,450, ನಾಟಿಕಲ್ ಮೈಲಿಯಲ್ಲಿ ಸುಮಾರು 3,000. ಪೈಲಟ್‌ಗಳು ಬಳಸುವುದು ನಾಟಿಕಲ್ ಮೈಲಿಯನ್ನೇ. ಅದು ಸರಿಯಾಗಿ 1,852 ಮೀಟರ್. ಇವೆರಡನ್ನು ಅದಲು ಬದಲು ಮಾಡಿಕೊಂಡರೆ ಲೆಕ್ಕ ಶೇಕಡಾ 15ರಷ್ಟು ಕೆಡುತ್ತದೆ.

ಈ ಅಂಕಿಗಳಲ್ಲಿ ನಿಜವಾಗಿ ಗಮನಿಸಬೇಕಾದ ವಿಷಯ ಬೇರೆಯೇ ಇದೆ. ಇದು ನಾವು ಗೋಡೆಯ ನಕ್ಷೆಯ ಮೇಲೆ ಎಳೆಯುವ ನೇರ ಗೆರೆಯ ದೂರ ಅಲ್ಲ. ಗೋಳದ ಮೇಲೆ ಎರಡು ಜಾಗಗಳ ನಡುವೆ ದಾರ ಹಿಡಿದು ಬಿಗಿಯಾಗಿ ಎಳೆದರೆ ಅದು ಕೂರುವ ದಾರಿ ಇದೆಯಲ್ಲ, ಅದರ ದೂರ. ನಿಮ್ಮ ಹತ್ತಿರ ಗ್ಲೋಬ್ ಇದ್ದರೆ ಇವತ್ತೇ ಮಾಡಿ ನೋಡಿ. ನ್ಯೂಯಾರ್ಕ್ ಲಂಡನ್‌ಗಿಂತ ದಕ್ಷಿಣಕ್ಕಿದೆ. ಹಾಗಿದ್ದರೂ ದಾರ ಲಂಡನ್‌ನಿಂದ ಹೊರಡುವಾಗ ಪಶ್ಚಿಮಕ್ಕಿಂತ 18 ಡಿಗ್ರಿಯಷ್ಟು ಉತ್ತರದ ಕಡೆ ವಾಲುತ್ತದೆ. ಅಕ್ಷಾಂಶ 53 ಡಿಗ್ರಿ ದಾಟಿ ಮೇಲೆ ಹೋಗಿ, ಆಮೇಲೆ ನಿಧಾನಕ್ಕೆ ಕೆಳಗಿಳಿಯುತ್ತದೆ. ಸೀಟಿನ ಮುಂದಿನ ಪರದೆಯಲ್ಲಿ ವಿಮಾನ ಬಿಲ್ಲಿನಂತೆ ಬಾಗಿ ಹೋಗುವುದನ್ನು ನೋಡಿ, ಯಾಕಪ್ಪಾ ಇಷ್ಟು ಸುತ್ತು ಹೊಡೆಯುತ್ತಾರೆ ಅಂತ ತುಂಬಾ ಜನ ಕೇಳುತ್ತಾರೆ. ಅದು ಸುತ್ತಲ್ಲ, ಹತ್ತಿರದ ದಾರಿಯೇ ಅದು. ಚಪ್ಪಟೆ ನಕ್ಷೆಯಲ್ಲಿ ಬಾಗಿದಂತೆ ಕಾಣುತ್ತದೆ, ಅಷ್ಟೇ.

ಇದನ್ನು ಸರಿಯಾಗಿ ತೋರಿಸುವ ಜೋಡಿ ನ್ಯೂಯಾರ್ಕ್ ಮತ್ತು ಮ್ಯಾಡ್ರಿಡ್. ಎರಡೂ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 40 ಡಿಗ್ರಿ ಚಿಲ್ಲರೆ. ನಕ್ಷೆ ನೋಡಿದರೆ ನೇರ ಪೂರ್ವಕ್ಕೆ ಹೋದರೆ ಸಾಕು ಅನಿಸುತ್ತದೆ. ಹಾಗೆ ಅಕ್ಷಾಂಶದ ಗೆರೆ ಹಿಡಿದು ಹೋದರೆ ಸುಮಾರು 5,940 ಕಿ.ಮೀ. ಆಗುತ್ತದೆ. ಉತ್ತರಕ್ಕೆ ಬಾಗಿ 46 ಡಿಗ್ರಿವರೆಗೆ ಹೋಗಿ ಇಳಿದರೆ ಸುಮಾರು 5,770 ಕಿ.ಮೀ. ಬಾಗಿದ ದಾರಿಯಲ್ಲೇ 170 ಕಿ.ಮೀ. ಉಳಿತಾಯ. ನಕ್ಷೆಯ ಮೇಲೆ ನೇರ ಗೆರೆ ಎಳೆದು ದಿಕ್ಕು ಹಿಡಿಯುವ ಪದ್ಧತಿ 1569ರಲ್ಲಿ ಮರ್ಕೇಟರ್ ಮಾಡಿದ ನಕ್ಷೆಯಿಂದ ಬಂದದ್ದು. ಹಡಗು ನಡೆಸುವವರಿಗೆ ಅದು ದೊಡ್ಡ ವರ. ಆದರೆ ದೂರ ಅಳೆಯಲು ಅದನ್ನು ನಂಬಬಾರದು. ಆ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು.

ಸರಿ, ಅತಿ ಹತ್ತಿರದ ದಾರಿ ಗೊತ್ತಾಯಿತು. ವಿಮಾನ ಅದೇ ದಾರಿಯಲ್ಲಿ ಹೋಗುತ್ತದೆಯೇ? ಬಹಳ ಸಲ ಇಲ್ಲ. ಅಟ್ಲಾಂಟಿಕ್ ಸಾಗರದ ಮೇಲೆ ಪ್ರತಿದಿನ ಹೊಸ ದಾರಿಗಳನ್ನು ಗೊತ್ತು ಮಾಡುತ್ತಾರೆ. ಪಶ್ಚಿಮಕ್ಕೆ ಹೋಗುವ ದಾರಿಗಳನ್ನು ಬ್ರಿಟನ್ ಮತ್ತು ಐರ್ಲೆಂಡ್ ಸೇರಿ ನಡೆಸುವ ಶ್ಯಾನ್‌ವಿಕ್ ಕೇಂದ್ರ, ಪೂರ್ವಕ್ಕೆ ಬರುವ ದಾರಿಗಳನ್ನು ಕೆನಡಾದ ಗ್ಯಾಂಡರ್ ಕೇಂದ್ರ ಹೊರಡಿಸುತ್ತವೆ. ನಿನ್ನೆ ಇದ್ದ ದಾರಿ ಇವತ್ತು ಇರುವುದಿಲ್ಲ. ಕಾರಣ ಗಾಳಿ. ಪೂರ್ವಕ್ಕೆ ಬರುವವರಿಗೆ ಗಾಳಿ ಜೋರಾಗಿರುವ ಕಡೆ ದಾರಿ ಕೊಡುತ್ತಾರೆ. ಪಶ್ಚಿಮಕ್ಕೆ ಹೋಗುವವರಿಗೆ ಗಾಳಿಯನ್ನು ತಪ್ಪಿಸುವ ಕಡೆ ಕೊಡುತ್ತಾರೆ. ಅದಕ್ಕಾಗಿ ಎರಡು ಮೂರು ನೂರು ಕಿ.ಮೀ. ಜಾಸ್ತಿ ಹಾರಿದರೂ ಸಮಯ, ಇಂಧನ ಎರಡೂ ಉಳಿಯುತ್ತವೆ. ಅಂದರೆ ದೂರದ ದಾರಿ ಬೇಗ ಮುಟ್ಟಿಸುವ ದಿನಗಳು ಎಷ್ಟೋ ಇವೆ.

ದಾರಿ ಬದಲಾಗುವುದಕ್ಕೆ ಬೇರೆ ಕಾರಣಗಳೂ ಇವೆ. ಹೆಲ್ಸಿಂಕಿ ಮತ್ತು ಟೋಕಿಯೊ ನಡುವಿನ ದೂರ ಸುಮಾರು 7,800 ಕಿ.ಮೀ. ಸೈಬೀರಿಯಾದ ಮೇಲೆ ಹಾರುತ್ತಿದ್ದ ಕಾಲದಲ್ಲಿ ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ತಲುಪುತ್ತಿದ್ದರು. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಫಿನ್‌ಲ್ಯಾಂಡಿನ ವಿಮಾನಗಳು ಉತ್ತರ ಧ್ರುವದ ಕಡೆಯಿಂದಲೋ ದಕ್ಷಿಣದಿಂದಲೋ ಸುತ್ತಿಕೊಂಡು ಹೋಗಬೇಕಾಯಿತು. ಪ್ರಯಾಣ ಸುಮಾರು 13 ಗಂಟೆಗೆ ಏರಿತು. ಎರಡು ಊರುಗಳೂ ಇದ್ದಲ್ಲೇ ಇವೆ, ಬರೆದಿಟ್ಟ ದೂರವೂ ಅಷ್ಟೇ ಇದೆ. ದೂರ ನೋಡಿ ಸಮಯ ಊಹಿಸಬೇಡಿ ಎಂದು ನಾನು ಕೇಳುವವರಿಗೆಲ್ಲ ಹೇಳುವುದು ಇದಕ್ಕೇ.

ಈಗ ನಿಮ್ಮ 900 ಕಿ.ಮೀ. ವೇಗಕ್ಕೆ ಬರೋಣ. ದೂರ ಪ್ರಯಾಣದ ಬೋಯಿಂಗ್ 787, ಏರ್‌ಬಸ್ ಎ350 ಥರದ ವಿಮಾನಗಳು ಶಬ್ದದ ವೇಗದ ಶೇಕಡಾ 85ರಷ್ಟು ವೇಗದಲ್ಲಿ ಹಾರುತ್ತವೆ. 11 ಕಿ.ಮೀ. ಎತ್ತರದಲ್ಲಿ ಸುತ್ತಲಿನ ಗಾಳಿ ಸುಮಾರು ಮೈನಸ್ 56 ಡಿಗ್ರಿ ಇರುತ್ತದೆ. ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿ.ಮೀ. ಅದರ ಶೇಕಡಾ 85 ಅಂದರೆ ನೀವು ಹೇಳಿದ 900. ಆದರೆ ಇದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ಕೆಳಗಿನ ನೆಲಕ್ಕೆ ಹೋಲಿಸಿದ್ದಲ್ಲ. ಆ ಗಾಳಿಯೇ ಹರಿಯುತ್ತಿದ್ದರೆ? ಹರಿವ ಹೊಳೆಯಲ್ಲಿ ದೋಣಿ ಹುಟ್ಟು ಹಾಕಿದಂತೆ ಆಗುತ್ತದೆ. ಹರಿವಿನ ಜೊತೆ ಹೋದರೆ ದಡ ಬೇಗ ಬೇಗ ಹಿಂದೆ ಸರಿಯುತ್ತದೆ, ಎದುರು ಹೋದರೆ ಅದೇ ಬಲ ಹಾಕಿದರೂ ನಿಧಾನ.

ಆ ಹೊಳೆಯ ಹೆಸರು ಜೆಟ್ ಸ್ಟ್ರೀಮ್. ನೆಲದಿಂದ 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಪಟ್ಟಿ ಅದು. ಧ್ರುವದ ಕಡೆಯ ತಣ್ಣನೆ ಗಾಳಿ ಮತ್ತು ಉಷ್ಣವಲಯದ ಕಡೆಯ ಬಿಸಿ ಗಾಳಿಯ ನಡುವಿನ ವ್ಯತ್ಯಾಸದಿಂದ ಅದಕ್ಕೆ ಬಲ ಬರುತ್ತದೆ. ಭೂಮಿಯ ತಿರುಗಾಟ ಅದನ್ನು ಪೂರ್ವದ ಕಡೆ ತಿರುಗಿಸುತ್ತದೆ. ಚಳಿಗಾಲದಲ್ಲಿ ಬಿಸಿ ತಣ್ಣನೆಯ ವ್ಯತ್ಯಾಸ ಜಾಸ್ತಿ, ಅದಕ್ಕೇ ಆಗ ಗಾಳಿಯೂ ಜೋರು. ಗಂಟೆಗೆ 150, 200 ಕಿ.ಮೀ. ಮಾಮೂಲಿ. ಕೆಲವೊಮ್ಮೆ 400 ಕೂಡ ದಾಟುತ್ತದೆ. ನೀವು ಹೋಗುತ್ತಿರುವುದು ಜನವರಿಯಲ್ಲಿ, ಇದನ್ನು ನೆನಪಿಡಿ.

ಈ ಗಾಳಿಯನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ. 1920ರ ದಶಕದಲ್ಲಿ ಬಲೂನುಗಳನ್ನು ಮೇಲೆ ಬಿಟ್ಟು, ಅವು ಎಷ್ಟು ವೇಗವಾಗಿ ಸರಿಯುತ್ತವೆ ಎಂದು ನೋಡಿ ಅವರು ಇದನ್ನು ದಾಖಲಿಸಿದರು. ಜಗತ್ತಿನವರೆಲ್ಲ ಓದಲಿ ಎಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ, ಅಂದರೆ ಎಲ್ಲ ದೇಶದವರಿಗೂ ಸಾಮಾನ್ಯವಾಗಲಿ ಎಂದು ಕಟ್ಟಿದ ಕೃತಕ ಭಾಷೆಯಲ್ಲಿ, ಬರೆದರು. ಓದಿದವರು ಬಹಳ ಕಡಿಮೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಿ-29 ವಿಮಾನಗಳು ಇದೇ ಗಾಳಿಗೆ ಸಿಕ್ಕಿ ಒದ್ದಾಡಿದವು. ಅಷ್ಟು ಮುಖ್ಯವಾದ ಅಳತೆ ವರ್ಷಗಟ್ಟಲೆ ಸುಮ್ನೆ ಬಿದ್ದಿತ್ತಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರದ ವಿಷಯ.

ಭೂಮಿ ತಿರುಗುವ ಬಗ್ಗೆ ಕೇಳಿದಿರಿ. ಪ್ರಶ್ನೆ ಒಳ್ಳೆಯದೇ. ಸಮಭಾಜಕದ ಹತ್ತಿರ ನೆಲ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಆದರೆ ರನ್‌ವೇಯಲ್ಲಿ ನಿಂತ ವಿಮಾನವೂ, ಅದರ ಸುತ್ತಲಿನ ಗಾಳಿಯೂ ಆ ತಿರುಗಾಟದಲ್ಲಿ ಮೊದಲೇ ಸೇರಿಕೊಂಡಿವೆ. ಟೇಕಾಫ್ ಆದ ಕೂಡಲೇ ಆ ವೇಗ ಕಳಚಿ ಬೀಳುವುದಿಲ್ಲ. ಭೂಮಿ ಕೆಳಗೆ ತಾನಾಗಿ ತಿರುಗಿ ನ್ಯೂಯಾರ್ಕನ್ನು ನಿಮ್ಮ ಹತ್ತಿರ ತಂದುಕೊಡುವುದಿಲ್ಲ. ತಿರುಗಾಟದ ಪ್ರಭಾವ ನಿಮಗೆ ತಟ್ಟುವುದು ಗಾಳಿಯ ಮೂಲಕ, ಅದೂ ನೀವು ಅಂದುಕೊಂಡ ದಿಕ್ಕಿಗೆ ಉಲ್ಟಾ.

ಈ ಗಾಳಿ ಎಷ್ಟು ದೂರ ತಳ್ಳಬಲ್ಲದು ಎನ್ನುವುದಕ್ಕೆ ನಿಮ್ಮ ದಾರಿಯಲ್ಲೇ ಉದಾಹರಣೆ ಇದೆ. 2020ರ ಫೆಬ್ರವರಿಯಲ್ಲಿ ಕಿಯಾರಾ ಎಂಬ ಬಿರುಗಾಳಿ ಬೀಸುತ್ತಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂತು. ಒಂದು ಹಂತದಲ್ಲಿ ನೆಲಕ್ಕೆ ಹೋಲಿಸಿದ ಅದರ ವೇಗ ಗಂಟೆಗೆ 1,300 ಕಿ.ಮೀ. ಮೀರಿತ್ತು. ಹಾಗಂತ ಅದು ಶಬ್ದದ ವೇಗ ದಾಟಿತು ಅಂತ ಅಲ್ಲ. ತನ್ನ ಸುತ್ತಲಿನ ಗಾಳಿಯಲ್ಲಿ ಅದು ಎಂದಿನ ವೇಗದಲ್ಲೇ ಇತ್ತು. ನಿಜವಾಗಿ ಶಬ್ದದ ವೇಗ ದಾಟಿ ಪ್ರಯಾಣಿಕರನ್ನು ಒಯ್ದದ್ದು ಕಾಂಕಾರ್ಡ್. 1996ರ ಫೆಬ್ರವರಿ 7ರಂದು ಅದು ಇದೇ ದಾರಿಯನ್ನು 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿತು.

ಇನ್ನೊಂದು ತಪ್ಪು ಲೆಕ್ಕ ತುಂಬಾ ಜನ ಮಾಡುತ್ತಾರೆ. ಹೋಗುವಾಗ ಗಾಳಿಯಿಂದ ಕಳೆದುಕೊಂಡದ್ದು ಬರುವಾಗ ವಾಪಸ್ ಸಿಗುತ್ತದಲ್ಲ, ಸರಿಹೋಯಿತು ಅನ್ನುತ್ತಾರೆ. ಸರಿಹೋಗುವುದಿಲ್ಲ. 5,555 ಕಿ.ಮೀ. ದೂರಕ್ಕೆ ಗಾಳಿ ಇಲ್ಲದಿದ್ದರೆ ಹೋಗಿ ಬರಲು 12 ಗಂಟೆ 21 ನಿಮಿಷ. ಗಂಟೆಗೆ 100 ಕಿ.ಮೀ. ಗಾಳಿ ಇದೆ ಅಂದುಕೊಳ್ಳಿ. ಒಂದು ಕಡೆ 1,000 ಕಿ.ಮೀ. ವೇಗ, 5 ಗಂಟೆ 33 ನಿಮಿಷ. ಇನ್ನೊಂದು ಕಡೆ 800, ಅಂದರೆ 6 ಗಂಟೆ 57 ನಿಮಿಷ. ಒಟ್ಟು 12 ಗಂಟೆ 30 ನಿಮಿಷ. ಎದುರುಗಾಳಿಯಲ್ಲಿ ನೀವು ಜಾಸ್ತಿ ಹೊತ್ತು ಇರುತ್ತೀರಿ, ಆದ್ದರಿಂದ ನಷ್ಟವೇ ಯಾವಾಗಲೂ ಒಂದು ಕೈ ಮೇಲು.

ಇಷ್ಟಾದರೂ ಟಿಕೆಟ್‌ನ ಎಂಟು ಗಂಟೆಗೆ ಇನ್ನೂ ಒಂದು ಗಂಟೆ ಕಡಿಮೆ ಬೀಳುತ್ತದೆ. ಅದು ಎಲ್ಲಿ ಹೋಗುತ್ತದೆ? ಟಿಕೆಟ್‌ನಲ್ಲಿ ಬರೆಯುವುದು ಆಕಾಶದಲ್ಲಿರುವ ಸಮಯವನ್ನಲ್ಲ. ವಿಮಾನ ಒಂದು ಗೇಟ್ ಬಿಟ್ಟ ಕ್ಷಣದಿಂದ ಇನ್ನೊಂದು ಗೇಟ್‌ಗೆ ಬಂದು ನಿಲ್ಲುವವರೆಗಿನ ಸಮಯ ಅದು. ಇದಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ದೊಡ್ಡ ನಿಲ್ದಾಣದಲ್ಲಿ ಗೇಟ್‌ನಿಂದ ರನ್‌ವೇಗೆ ಹೋಗಿ ಸಾಲಿನಲ್ಲಿ ಕಾಯಲು ಇಪ್ಪತ್ತು ನಿಮಿಷ ಹಿಡಿಯುವುದು ಸಹಜ. ಮೇಲೇರಿ ಪೂರ್ತಿ ವೇಗ ಹಿಡಿಯಲು ಇಪ್ಪತ್ತರಿಂದ ಮೂವತ್ತು ನಿಮಿಷ. ಇಳಿಯಲು ಶುರು ಮಾಡುವುದು ಗುರಿ ಇನ್ನೂ 200 ಕಿ.ಮೀ. ದೂರ ಇರುವಾಗಲೇ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ಮಿತಿ ಇರುತ್ತದೆ, ಅಂದರೆ ಗಂಟೆಗೆ ಸುಮಾರು 463 ಕಿ.ಮೀ. ಇದರ ಮೇಲೆ ಕಂಪನಿಗಳು ತಡವಾಗುವ ಸಾಧ್ಯತೆ ನೋಡಿಕೊಂಡು ಸ್ವಲ್ಪ ಹೆಚ್ಚುವರಿ ಸಮಯವನ್ನೂ ಸೇರಿಸಿರುತ್ತವೆ. ‘ಅರ್ಧ ಗಂಟೆ ಮುಂಚೆಯೇ ಬಂದುಬಿಟ್ಟಿದ್ದೇವೆ’ ಎಂಬ ಘೋಷಣೆ ಕೇಳಿದ್ದೀರಲ್ವಾ? ಆ ಅರ್ಧ ಗಂಟೆ ಬಹಳ ಸಲ ವೇಳಾಪಟ್ಟಿಯಲ್ಲೇ ಇಟ್ಟಿದ್ದ ಬಿಡುವು.

ಹೀಗಾಗಿ ಚಿಕ್ಕ ಪ್ರಯಾಣಗಳಲ್ಲಿ ದೂರಕ್ಕೂ ಸಮಯಕ್ಕೂ ಸಂಬಂಧ ಇನ್ನೂ ಸಡಿಲ. 300 ಕಿ.ಮೀ. ಹಾರುವ ವಿಮಾನ ಪೂರ್ತಿ ವೇಗ ಹಿಡಿಯುವ ಹೊತ್ತಿಗೆ ಇಳಿಯಲು ತಯಾರಾಗುತ್ತಿರುತ್ತದೆ.

ನೀವೇ ಅಂದಾಜು ಮಾಡಬೇಕಾದರೆ ನಾನು ಬಳಸುವ ಲೆಕ್ಕ ಹೇಳುತ್ತೇನೆ. ನಿಲ್ದಾಣದಿಂದ ನಿಲ್ದಾಣಕ್ಕೆ ಇರುವ ದೂರವನ್ನು 850ರಿಂದ ಭಾಗಿಸಿ, 45 ನಿಮಿಷ ಸೇರಿಸಿ. ನಿಮ್ಮ ದಾರಿಗೆ 7 ಗಂಟೆ 17 ನಿಮಿಷ ಬರುತ್ತದೆ. ಸಿಂಗಪುರದಿಂದ ನ್ಯೂಯಾರ್ಕ್‌ಗೆ ಸುಮಾರು 15,350 ಕಿ.ಮೀ., ಇದೇ ಲೆಕ್ಕಕ್ಕೆ 18 ಗಂಟೆ 50 ನಿಮಿಷದ ಹತ್ತಿರ. ವೇಳಾಪಟ್ಟಿಯೂ ಅಷ್ಟನ್ನೇ ಹೇಳುತ್ತದೆ. ಪೂರ್ವ ಪಶ್ಚಿಮ ದಿಕ್ಕಿನ ದೂರದ ಪ್ರಯಾಣವಾದರೆ, ಪಶ್ಚಿಮಕ್ಕೆ ಹೋಗುವಾಗ ಅರ್ಧದಿಂದ ಒಂದು ಗಂಟೆ ಕೂಡಿಸಿ, ಪೂರ್ವಕ್ಕೆ ಬರುವಾಗ ಅಷ್ಟೇ ಕಳೆಯಿರಿ. ಉತ್ತರ ದಕ್ಷಿಣ ಪ್ರಯಾಣಕ್ಕೆ ಈ ಕೂಡಿಸಿ ಕಳೆಯುವ ಗೊಡವೆ ಅಷ್ಟಾಗಿ ಇಲ್ಲ. ದೇಶಗಳ ಆಕಾಶ ಮುಚ್ಚಿರುವ ಕಡೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ವೇಳಾಪಟ್ಟಿಯನ್ನೇ ನೋಡಬೇಕು.

ಗಡಿಯಾರದ ವಿಷಯ ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಜನವರಿಯಲ್ಲಿ ನ್ಯೂಯಾರ್ಕ್ ಲಂಡನ್‌ಗಿಂತ 5 ಗಂಟೆ ಹಿಂದಿದೆ. ಬೆಳಿಗ್ಗೆ 11ಕ್ಕೆ ಹೊರಟು 8 ಗಂಟೆ ಹಾರಿದರೆ ಅಲ್ಲಿ ಮಧ್ಯಾಹ್ನ 2 ಗಂಟೆ. ಬರುವಾಗ ಸಂಜೆ 7ಕ್ಕೆ ಹೊರಟರೆ 7 ಗಂಟೆಯ ಪ್ರಯಾಣ, ಆದರೆ ಇಳಿಯುವಾಗ ಲಂಡನ್‌ನಲ್ಲಿ ಮರುದಿನ ಬೆಳಿಗ್ಗೆ 7. ನಿಮಗೆ ಸಿಗುವ ರಾತ್ರಿ ಚಿಕ್ಕದು, ಆ ದಿನ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ. ಪ್ರಯಾಣ ಮಾರ್ಚ್‌ಗೆ ಮುಂದೆ ಹೋದರೆ ಇನ್ನೊಂದು ಎಚ್ಚರ ಬೇಕು. ಅಮೆರಿಕದಲ್ಲಿ ಗಡಿಯಾರ ಮುಂದಿಡುವುದು ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್ನಿನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ವ್ಯತ್ಯಾಸ 4 ಗಂಟೆ ಮಾತ್ರ. ಗಡಿಯಾರವನ್ನೇ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಪೆಸಿಫಿಕ್ ಸಾಗರದ ಸಮೋವಾ ನೋಡಿ. ಅಲ್ಲಿನ ಆಪಿಯಾದಿಂದ ಅಮೆರಿಕನ್ ಸಮೋವಾದ ಪಾಗೊ ಪಾಗೊಗೆ ವಿಮಾನದಲ್ಲಿ ಅರ್ಧ ಗಂಟೆ ಚಿಲ್ಲರೆ. ನಡುವೆ ದಿನಾಂಕ ರೇಖೆ ಇದೆ. ಇವತ್ತು ಹೊರಟವರು ನಿನ್ನೆ ಇಳಿಯುತ್ತಾರೆ.

ಕೊನೆಗೆ, ನಿಮ್ಮ ಎರಡು ಗಂಟೆಯ ಅಂತರ. ನನ್ನ ಉತ್ತರ ಬೇಡ ಎಂದೇ. ನೀವು ಹೋಗುವುದು ಪಶ್ಚಿಮಕ್ಕೆ, ಅದೂ ಎದುರುಗಾಳಿ ಅತಿ ಜೋರಾಗಿರುವ ತಿಂಗಳಲ್ಲಿ. ವೇಳಾಪಟ್ಟಿಗಿಂತ ಅರ್ಧ ಮುಕ್ಕಾಲು ಗಂಟೆ ತಡವಾಗುವುದು ದೊಡ್ಡ ಮಾತಲ್ಲ. ಅದರ ಮೇಲೆ, ಅಮೆರಿಕದಲ್ಲಿ ಮೊದಲು ಇಳಿದ ನಿಲ್ದಾಣದಲ್ಲೇ ವಲಸೆ ತಪಾಸಣೆ ಮುಗಿಸಬೇಕು. ಎರಡು ಬೇರೆ ಟಿಕೆಟ್ ಆದ್ದರಿಂದ ಸಾಮಾನು ತೆಗೆದುಕೊಂಡು ಕಸ್ಟಮ್ಸ್ ದಾಟಿ, ಮತ್ತೆ ಚೆಕ್-ಇನ್ ಮಾಡಿ, ಮತ್ತೆ ಭದ್ರತಾ ತಪಾಸಣೆಗೆ ನಿಲ್ಲಬೇಕು. ಜೆ.ಎಫ್.ಕೆ.ಯಲ್ಲಿ ಟರ್ಮಿನಲ್‌ಗಳು ಬೇರೆ ಬೇರೆ ಕಟ್ಟಡಗಳಲ್ಲಿವೆ, ಒಂದರಿಂದ ಇನ್ನೊಂದಕ್ಕೆ ಏರ್‌ಟ್ರೇನ್ ಹತ್ತಬೇಕಾಗಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಬೇರೆ ಟಿಕೆಟ್ ಇರುವವರಿಗೆ ಸಾಮಾನ್ಯವಾಗಿ ಎರಡನೇ ಕಂಪನಿ ಹೊಣೆ ಹೊರುವುದಿಲ್ಲ. ಹೊಸ ಟಿಕೆಟ್ ನೀವೇ ಕೊಳ್ಳಬೇಕು.

ಸಾಧ್ಯವಿದ್ದರೆ ಇಡೀ ಪ್ರಯಾಣವನ್ನು ಒಂದೇ ಬುಕಿಂಗ್‌ನಲ್ಲಿ ಮಾಡಿಸಿ. ಆಗ ಮೂರು ಗಂಟೆ ಇದ್ದರೆ ನೆಮ್ಮದಿ, ತಪ್ಪಿದರೂ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಬೇರೆ ಟಿಕೆಟ್ಟೇ ಆಗಬೇಕು ಎಂದಾದರೆ ಐದು ಗಂಟೆಗಿಂತ ಕಡಿಮೆ ಇಡಬೇಡಿ. ಟಿಕೆಟ್ ತೆಗೆಯುವ ಮುಂಚೆ, ವಿಮಾನಗಳ ಓಡಾಟ ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿ, ಕಳೆದ ಒಂದೆರಡು ವಾರ ಅದು ದಿನವೂ ಎಷ್ಟು ಹೊತ್ತಿಗೆ ಗೇಟ್ ಮುಟ್ಟಿದೆ ಎಂದು ನೋಡಿ. ಸರಾಸರಿ ನೋಡಬೇಡಿ, ಅತಿ ತಡವಾದ ದಿನ ನೋಡಿ. ಮುಂದಿನ ವಿಮಾನದ ಅಂತರವನ್ನು ಆ ದಿನದ ಲೆಕ್ಕದಲ್ಲಿ ಇಟ್ಟುಕೊಳ್ಳಿ.